ಜಾಮ್ ನಮ್ಮ ಇಲಾಖೆಗೆ ಬರುವುದಿಲ್ಲ

ನಮ್ಮ ಮನೆಯ ಸಕ್ಕರೆ ಡಬ್ಬಕ್ಕೆ ಬೀಗ ಹಾಕಿದೆ. ಮೊದಲ ಸಲ ನೋಡಿದವರು ತಮಾಷೆಯೆಂದು ನಗುತ್ತಾರೆ. ಆಮೇಲೆ ಅವರ ಮುಂದೆ ಚಹಾ ಬರುತ್ತದೆ, ನಗು ನಿಲ್ಲುತ್ತದೆ. ಊರಿಗೆ ಹೋಗುವಾಗ ಸೂಟ್‌ಕೇಸಿಗೆ ಸಿಕ್ಕಿಸುತ್ತೇವಲ್ಲ, ಮೂರಂಕಿ ತಿರುಗಿಸುವ ಚಿಕ್ಕ ಬೀಗ, ಅದೇ. ನಾವಿರುವುದು ಒಮಾನಿನ ಸೀಬಿನಲ್ಲಿ. ಇಲ್ಲಿನ ಸೂಕಿನಲ್ಲಿ, ಎಂದರೆ ಪೇಟೆಯಲ್ಲಿ, ಗ್ಯಾಸ್ ಒಲೆ ರಿಪೇರಿ ಮಾಡುವವನ ಹತ್ತಿರ ಸ್ಟೀಲ್ ಡಬ್ಬಕ್ಕೂ ಮುಚ್ಚಳಕ್ಕೂ ಕಿವಿ ಬೆಸುಗೆ ಹಾಕಿಸಿ, ಅದಕ್ಕೆ ಈ ಬೀಗ ತೊಡಿಸಿದವಳು ನನ್ನ ಅಮ್ಮ. ಅಂಕಿ ಅವಳಿಗೆ ಮಾತ್ರ ಗೊತ್ತು. ಬೀಗ ಬಿದ್ದ ಮೊದಲ ವಾರ ನಾನೂ ಸುಮ್ಮನಿರಲಿಲ್ಲ. ಒಂದು ಶುಕ್ರವಾರ ಅಡುಗೆಮನೆಯ ನೆಲದಲ್ಲಿ ಕೂತು ಸೊನ್ನೆ ಸೊನ್ನೆ ಒಂದರಿಂದ ಶುರುಮಾಡಿ ಮುನ್ನೂರ ಹನ್ನೆರಡರವರೆಗೆ ತಿರುಗಿಸಿದೆ. ಅಷ್ಟರಲ್ಲಿ ಅಮ್ಮ ಮಧ್ಯಾಹ್ನದ ನಿದ್ದೆ ಮುಗಿಸಿ ಎದ್ದಳು. ಅಲ್ ಖುವೈರಿನ ಆಫೀಸಿನಲ್ಲಿ ಹದಿನೆಂಟು ಮಂದಿಯಿಂದ ಸರ್ ಎನಿಸಿಕೊಳ್ಳುವ, ಐವತ್ತನಾಲ್ಕು ವರ್ಷದ ಗಂಡಸಾದ ನಾನು ಡಬ್ಬ ಕೆಳಗಿಟ್ಟು, ನೆಲದ ಮೇಲೆ ಏನೋ ಹುಡುಕುವವನ ಹಾಗೆ ನಟಿಸಿದೆ.

ಆದರೆ ನಾನು ಹೇಳಹೊರಟದ್ದು ಡಬ್ಬದ ವಿಷಯವಲ್ಲ, ನನ್ನ ಎಡಗಾಲಿನ ಕಿರುಬೆರಳಿನ ವಿಷಯ. ಅದಕ್ಕೂ ಇದಕ್ಕೂ ಸಂಬಂಧವಿದೆ, ಸ್ವಲ್ಪ ತಾಳಿ.

ನೀವು ನಮ್ಮ ಕರಾವಳಿಯವರಾಗಿದ್ದು ತಲೆಯಲ್ಲಿ ನಾಲ್ಕು ಬಿಳಿ ಕೂದಲು ಇದ್ದರೆ, 'ಕಂಟ್ರೋಲ್' ಎಂದರೆ ಏನೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳುತ್ತೇನೆ. ನಾನು ಹುಟ್ಟಿದ ವರ್ಷದ ಯುದ್ಧದ ಕಾಲದಲ್ಲಿ ಸಕ್ಕರೆ, ಸೀಮೆಎಣ್ಣೆ, ಅಕ್ಕಿ ಕಾರ್ಡಿನ ಮೇಲೆ ಅಳೆದು ಕೊಡುತ್ತಿದ್ದರು. ಆ ಅಂಗಡಿ ಕಂಟ್ರೋಲ್ ಅಂಗಡಿ, ಆ ಸಕ್ಕರೆ ಕಂಟ್ರೋಲ್ ಸಕ್ಕರೆ. ಇಷ್ಟು ತಲೆಗೆ ಇಷ್ಟು ಎಂದು ಲೆಕ್ಕ. ಆ ವಾರದ್ದನ್ನು ಆ ವಾರವೇ ತರಬೇಕು, ತಪ್ಪಿದರೆ ಹೋಯಿತು. ಯುದ್ಧ ಮುಗಿದು ಅರ್ಧ ಶತಮಾನವಾದರೂ ಅಮ್ಮನಂಥವರ ನಾಲಗೆಯಲ್ಲಿ ಆ ಪದಕ್ಕೆ ಬೇರೆ ಅರ್ಥ ಹುಟ್ಟಲೇ ಇಲ್ಲ. ನನ್ನ ಮಗಳು ನೀತಾ ಟಿವಿಯ ರಿಮೋಟ್ ಕಂಟ್ರೋಲ್ ಎಲ್ಲಿ ಎಂದು ಕೇಳಿದರೂ, ಅಮ್ಮ ಒಂದು ಕ್ಷಣ ಟಿವಿಗೂ ಕಾರ್ಡು ಬಂತೇ ಎಂಬ ಹಾಗೆ ತಲೆಯೆತ್ತುತ್ತಾಳೆ.

ಏಪ್ರಿಲಿನಲ್ಲಿ ಕೆಲಸದ ಮೇಲೆ ಸೂರ್ ಎಂಬ ಊರಿಗೆ ಹೋಗಿದ್ದೆ. ಅಲ್ಲಿನ ಪ್ಲಾಂಟಿನಲ್ಲಿ ನಮ್ಮ ಕಂಪನಿಯ ಕೂಲಿಂಗ್ ಯಂತ್ರಗಳಿವೆ. ಒಳಗೆ ಹೋಗಬೇಕಾದರೆ ಸೇಫ್ಟಿ ಶೂ ಕಡ್ಡಾಯ. ಹೊಸ ಶೂ ತೊಟ್ಟು ಎರಡು ದಿನ ಓಡಾಡಿದೆ. ಮನೆಗೆ ಬಂದು ಸಾಕ್ಸ್ ಬಿಚ್ಚಿದಾಗ ಎಡಗಾಲಿನ ಕಿರುಬೆರಳಿನ ಬದಿಯಲ್ಲಿ ಗಾಯ. ನೋವೇ ಇರಲಿಲ್ಲ. ನೋವಿಲ್ಲದ ಗಾಯ ಒಳ್ಳೆಯ ಗಾಯ ಎಂದುಕೊಂಡು ಹದಿನೈದು ದಿನ ಅರಸಿನ ಹಚ್ಚಿದೆ. ಹೆಂಡತಿ ವನಜಾ ಇಂಡಿಯನ್ ಸ್ಕೂಲಿನಲ್ಲಿ ಬಯಾಲಜಿ ಟೀಚರ್. ಅವಳು ಒಂದು ಸಂಜೆ ಬೆರಳನ್ನು ನೋಡಿ, ನನ್ನನ್ನು ನೋಡಿ, ಯಾವುದಕ್ಕೆ ಹೆಚ್ಚು ಬುದ್ಧಿಯಿದೆ ಎಂದು ಅಳೆಯುವವಳ ಹಾಗೆ ಮತ್ತೆ ಬೆರಳನ್ನೇ ನೋಡಿ, ಮರುದಿನದ ಅಪಾಯಿಂಟ್‌ಮೆಂಟ್ ತೆಗೆದಳು. ಅಮ್ಮನ ಮೊಣಕಾಲಿನ ಗುಳಿಗೆಯೂ ಮುಗಿದಿತ್ತು. ಹಾಗಾಗಿ ಅಲ್ ಖುವೈರಿನ ಕ್ಲಿನಿಕ್ಕಿಗೆ ನಾನು, ಅಮ್ಮ ಇಬ್ಬರೂ ಹೋದೆವು.

ಡಾಕ್ಟರ್ ಮಲಯಾಳಿ ಹೆಂಗಸು, ಮಾತಾಡುವುದು ಅವರದೇ ಹಿಂದಿ. ನನ್ನ ರಕ್ತದ ರಿಪೋರ್ಟ್ ನೋಡಿ ಅವರ ಮುಖ ಪರೀಕ್ಷೆಯ ಪೇಪರ್ ತಿದ್ದುವಾಗಿನ ವನಜಾಳ ಮುಖದಂತಾಯಿತು. ಮೂರು ತಿಂಗಳಿನ ಸರಾಸರಿ ಸಕ್ಕರೆ ನೆತ್ತಿಗೇರಿದೆ ಎಂದರು. ಇದು ಇಳಿಯದಿದ್ದರೆ ಈ ಗಾಯ ಮಾಗುವುದಿಲ್ಲ, ಮಾಗದಿದ್ದರೆ ಬೆರಳು ಉಳಿಯುವುದಿಲ್ಲ ಎಂದು ಎರಡೇ ವಾಕ್ಯದಲ್ಲಿ ಹೇಳಿಬಿಟ್ಟರು. ನನ್ನ ಮೇಲೆ ಅವರಿಗೆ ಭರವಸೆ ಹುಟ್ಟಲಿಲ್ಲವೋ ಏನೋ, ಅಮ್ಮನ ಕಡೆ ತಿರುಗಿ, "ಅಮ್ಮಾ, ಬೇಟೇ ಕಾ ಶುಗರ್ ಕಂಟ್ರೋಲ್ ಮೇ ರಖ್ನಾ" ಎಂದರು, ಮಗನ ಸಕ್ಕರೆ ಹತೋಟಿಯಲ್ಲಿರಲಿ ಎಂದು. ಅಮ್ಮನಿಗೆ ಅದರಲ್ಲಿ ಅರ್ಥವಾದದ್ದು ಮೂರು ಪದ: ಅಮ್ಮಾ, ಶುಗರ್, ಕಂಟ್ರೋಲ್.

ಹೈವೇಯಲ್ಲಿ ಸೀಬ್ ಕಡೆಗೆ ಬರುವಾಗ ಅಮ್ಮ ಕೇಳಿದಳು, ಇಲ್ಲಿಯೂ ಸಕ್ಕರೆ ಕಂಟ್ರೋಲಿಗೆ ಬಂತಾ ಎಂದು. ಎಡಗಡೆಯಿಂದ ಒಂದು ಟ್ಯಾಂಕರ್, ಬಲಗಡೆಯಿಂದ ಒಬ್ಬ ಅವಸರದ ಮನುಷ್ಯ, ನಡುವೆ ನಾನು. ಬಂತು ಬಂತು ಎಂದೆ. ಈ ಕಥೆಯಲ್ಲಿ ನಾನು ಮಾಡಿದ ತಪ್ಪುಗಳಲ್ಲಿ ಅದೇ ಅತಿ ಚಿಕ್ಕದು.

ಹೋಗಲಿ ಎಂದರೆ ಲೋಕವೂ ಅಮ್ಮನ ಕಡೆಗೇ ಸಾಕ್ಷಿ ಹೇಳತೊಡಗಿತು. ಟಿವಿಯಲ್ಲಿ ಯುದ್ಧ. ಪಕ್ಕದ ಸಮುದ್ರದಲ್ಲಿ ಹಡಗುಗಳು ಹೋಗಲೋ ಬೇಡವೋ ಎಂದು ನಿಂತಿವೆ ಎಂಬ ಸುದ್ದಿ. ಆ ವಾರಾಂತ್ಯ ಸೂಪರ್‌ಮಾರ್ಕೆಟಿಗೆ ಕರೆದುಕೊಂಡು ಹೋದರೆ, ನಮ್ಮ ಮುಂದಿದ್ದವರ ಟ್ರಾಲಿಯಲ್ಲಿ ಅಕ್ಕಿಯ ಮೂಟೆಗಳು, ಹಾಲಿನ ಪುಡಿಯ ಡಬ್ಬಗಳು, ಸಕ್ಕರೆ. ಅಮ್ಮ ನನ್ನ ಕಡೆ ನೋಡಿದ ನೋಟದಲ್ಲಿ ಇಷ್ಟು ವರ್ಷ ಕೊಲ್ಲಿಯಲ್ಲಿದ್ದು ನೀನು ಕಲಿತದ್ದು ಇಷ್ಟೆಯೋ ಎಂಬ ಮರುಕವಿತ್ತು. ಮನೆಗೆ ಬಂದು ನಾನು ಸಮಾಧಾನದಿಂದ ವಿವರಿಸಿದೆ. ಡಾಕ್ಟರ್ ಹೇಳಿದ್ದು ಅಂಗಡಿಯ ಸಕ್ಕರೆಯಲ್ಲ, ರಕ್ತದ ಸಕ್ಕರೆ.

"ರಕ್ತದ್ದಾದ್ರೆ ಎಂತ, ಡಬ್ಬದ್ದಾದ್ರೆ ಎಂತ? ಹೋಗುದು ಡಬ್ಬದಿಂದಲೇ ಅಲ್ವಾ?" ಎಂದಳು ಅಮ್ಮ.

ಇದಕ್ಕೆ ನಿಮ್ಮಲ್ಲಿ ಉತ್ತರವಿದ್ದರೆ ದಯವಿಟ್ಟು ತಿಳಿಸಿ. ಬಯಾಲಜಿ ಟೀಚರೇ, ಹಾಗೆ ನೋಡಿದರೆ ಅತ್ತೆ ಹೇಳುವುದು ಸರಿ ಎಂದುಬಿಟ್ಟಳು. ಮರುದಿನ ಬೀಗ ಬಂತು.

ಆಮೇಲಿನ ಆಡಳಿತವನ್ನು ಅನುಭವಿಸಿದವರಿಗೇ ಗೊತ್ತು. ವನಜಾಳ ಪಾಲು, ನೀತಾಳ ಪಾಲು, ಅಮ್ಮನ ಪಾಲು ಶುಕ್ರವಾರ ಬೆಳಿಗ್ಗೆ ಮೂರು ಲೋಟಗಳಲ್ಲಿ ಬೀಳುತ್ತಿತ್ತು. ಅಳೆಯಲಿಕ್ಕೆ ಊರಿನಿಂದ ತಂದ ಕುಡ್ತೆ, ಅದರ ಬಾಯಿಯನ್ನು ಬೆರಳಿನಿಂದ ಸಮತಟ್ಟು ಮಾಡುವುದು ಬೇರೆ. ವಾರದ ಕೊನೆಗೆ ಉಳಿದದ್ದು ಮರಳಿ ಡಬ್ಬಕ್ಕೆ. ನೀತಾ ಯಾವುದೋ ಡಯಟಿನಲ್ಲಿದ್ದು ಸಕ್ಕರೆ ಮುಟ್ಟುವುದೇ ಇಲ್ಲ. ಅವಳ ಪಾಲು ವಾರವಾರವೂ ವ್ಯರ್ಥವಾಗಿ ಸರಕಾರಕ್ಕೆ ಹೋಗುವುದನ್ನು ನೋಡಿ ನನ್ನ ಹೊಟ್ಟೆ ಉರಿಯುತ್ತಿತ್ತು. ಹೇಳದೆ ಬಂದ ನೆಂಟರಿಗೆ ಸಕ್ಕರೆ ಇಲ್ಲ, ಮೊದಲೇ ತಿಳಿಸಿದರೆ ಅರ್ಧ ಚಮಚ. ನನ್ನ ಲೋಟ ಮಾತ್ರ ಕವುಚಿಟ್ಟೇ ಇತ್ತು. ನನ್ನ ಕಾರ್ಡು ರದ್ದಾಗಿತ್ತು.

ನಾನು ಸಿಹಿಬಾಯಿಯವನು. ಮುಚ್ಚಿಟ್ಟು ಪ್ರಯೋಜನವಿಲ್ಲ. ಪಾಯಸವಿದೆಯೆಂದು ಗೊತ್ತಾದರೆ ಪರಿಚಯವಿಲ್ಲದವರ ಗೃಹಪ್ರವೇಶಕ್ಕೂ ಹೋಗಿದ್ದೇನೆ. ಮೂರು ವಾರ ಸಪ್ಪೆ ಚಹಾ ಕುಡಿದು ನನ್ನ ಸ್ವಭಾವವೇ ಕೆಟ್ಟುಹೋಯಿತು. ಆಫೀಸಿನಲ್ಲಿ ಸಣ್ಣದಕ್ಕೆಲ್ಲ ರೇಗಿದೆ. ಗಾಯ ಮಾತ್ರ ಸ್ವಲ್ಪ ಸ್ವಲ್ಪವೇ ಒಣಗತೊಡಗಿತು. ನ್ಯಾಯವಾಗಿ ಹೇಳಬೇಕಾದ ಮಾತು ಇದು.

ಆಗ ಹಸನಬ್ಬ ಬಂದ. ಹಸನಬ್ಬ ನಮ್ಮ ಕಡೆಯ ಬ್ಯಾರಿ, ನನ್ನ ಇಪ್ಪತ್ತು ವರ್ಷದ ಗೆಳೆಯ. ಮೊದಲು ಬಟ್ಟೆಯ ವ್ಯಾಪಾರ ಮಾಡುತ್ತಿದ್ದವನು ಈಗ ಬರ್ಕಾದ ಹತ್ತಿರ ತನಗೆ ವೀಸಾ ಕೊಡಿಸಿದ ಅರಬ ಧಣಿಯ, ಅಂದರೆ ಕಫೀಲನ, ತೋಟವನ್ನು ನೋಡಿಕೊಳ್ಳುತ್ತಾನೆ. ಮಾವು, ಲಿಂಬೆ, ಪಪ್ಪಾಯಿ. ಆ ವರ್ಷ ಮಾವು ವಿಪರೀತ ಬಿಟ್ಟಿತ್ತು. ಮೇ ತಿಂಗಳ ಸೆಕೆಗೆ ಒಮ್ಮೆಲೇ ಹಣ್ಣಾಗಿ, ಚುಕ್ಕೆ ಬಿದ್ದು, ಸೂಕಿನವರು ಬೇಡವೆಂದ ಹಣ್ಣನ್ನು ಕ್ರೇಟು ಕ್ರೇಟಾಗಿ ತಂದು ನಮ್ಮ ಅಂಗಳದಲ್ಲಿ ಇಳಿಸಿದ. ಕೊಳೆಯುವ ಹಣ್ಣನ್ನು ನೋಡಿದ ಕೂಡಲೇ ಅಮ್ಮನ ಬೆನ್ನು ನೆಟ್ಟಗಾಯಿತು. ಮೊಣಕಾಲಿನ ನೋವು ಎಲ್ಲಿಗೆ ಹೋಯಿತೋ.

ಯಾಕೆಂದು ಹೇಳಬೇಕಾದರೆ ನಿಮ್ಮನ್ನು ಸ್ವಲ್ಪ ದೂರ ಕರೆದುಕೊಂಡು ಹೋಗಬೇಕು. ಅಮ್ಮನ ತವರಿನವರು ಅನಾನಸು ಬೆಳೆಯುತ್ತಿದ್ದರು. ಮನೆಯ ಹಿಂದಿನ ಬೋಳು ಗುಡ್ಡದ ತುಂಬ ಅನಾನಸು, ಕೆಂಪು ಮುರಕಲ್ಲಿನ ನಡುವೆ ಸಾಲು ಸಾಲು. ರಜೆಗೆ ಹೋದರೆ ನಮ್ಮ ಮೊಣಗಂಟಿನವರೆಗೂ ಮುಳ್ಳಿನ ಗೀರು, ನಾಲಗೆಯೆಲ್ಲ ಹಣ್ಣು ತಿಂದು ತಿಂದು ಹುಣ್ಣು. ಅದರ ಮೇಲೆ ಉಪ್ಪುಮೆಣಸು ಸವರಿ ಮತ್ತೂ ತಿನ್ನುತ್ತಿದ್ದೆವು. ಅಜ್ಜ ಆ ಹಣ್ಣಿನ ಜಾಮ್ ಕಾಯಿಸಿ ಮಂಗಳೂರಿನ ಬೇಕರಿಗಳಿಗೆ ಕಳಿಸುತ್ತಿದ್ದರು. ತಾಮ್ರದ ಹಂಡೆ, ತೆಂಗಿನ ಮಡಲಿನ ಹಿಡಿಯಷ್ಟು ಉದ್ದದ ಸಟ್ಟುಗ, ಮೇಲೆ ಬಂದ ನೊರೆ ಮಕ್ಕಳಿಗೆ ಹಲಸಿನ ಎಲೆಯಲ್ಲಿ. ಆ ನೊರೆಗಾಗಿ ನಾನು ಚಿಕ್ಕಮ್ಮನ ಮಕ್ಕಳ ಜೊತೆ ಕೂದಲು ಹಿಡಿದು ಜಗಳವಾಡಿದ್ದು ಚೆನ್ನಾಗಿ ನೆನಪಿದೆ.

ನಾನು ತೊಟ್ಟಿಲಲ್ಲಿದ್ದಾಗ ಆ ಯುದ್ಧ ನಡೆಯಿತು. ಸಕ್ಕರೆಗೆ ಬಿಗಿಯಾದ ಕಂಟ್ರೋಲ್. ಮನೆಯವರ ಚಹಾಕ್ಕೆ ಬೆಲ್ಲ. ಆದರೆ ಹಣ್ಣು ಬೆಳೆದವರ ಹಣ್ಣು ಕೊಳೆಯಬಾರದೆಂದು ಜಾಮಿಗಾಗಿ ಸಕ್ಕರೆಯ ಬೇರೆ ಪರ್ಮಿಟ್ ಸಿಗುತ್ತಿತ್ತಂತೆ. ಚಾವಡಿಯಲ್ಲಿ ಎರಡು ಮೂಟೆ ಸಕ್ಕರೆ ಕುಳಿತಿದೆ, ಮನೆಯವರು ಅದರ ಎದುರು ಬೆಲ್ಲದ ಚಹಾ ಕುಡಿಯುತ್ತಿದ್ದಾರೆ. ಯಾರೂ ಮುಟ್ಟುವ ಹಾಗಿಲ್ಲ, ಅದು ಹಣ್ಣಿನ ಸಕ್ಕರೆ. ಆ ವರ್ಷ ಹಣ್ಣು ಪರ್ಮಿಟಿಗಿಂತ ಹೆಚ್ಚಾಯಿತು. ಅಜ್ಜ ಎಲ್ಲಿಂದಲೋ ಇನ್ನೊಂದು ಚಿಕ್ಕ ಚೀಲ ತರಿಸಿದರು. ಎಲ್ಲಿಂದ ಎಂದು ನಮ್ಮ ಮನೆತನದಲ್ಲಿ ಇಂದಿಗೂ ಯಾರೂ ಕೇಳುವುದಿಲ್ಲ. ಚೀಲ ಬಂದ ಬೆಳಿಗ್ಗೆಯೇ ಫುಡ್ ಇನ್‌ಸ್ಪೆಕ್ಟರ್ ಗೇಟಿನ ಹತ್ತಿರ ಸೈಕಲ್ ಇಳಿದರು.

ಬಾಣಂತನ ಮುಗಿಸಿ ತವರಿನಲ್ಲೇ ಇದ್ದ ಅಮ್ಮ ಚೀಲವನ್ನು ತೊಟ್ಟಿಲಿಗೆ ಹಾಕಿ, ಅದರ ಮೇಲೆ ಹಳೆ ಸೀರೆ ಹಾಸಿ, ಸೀರೆಯ ಮೇಲೆ ನಾಲ್ಕು ತಿಂಗಳ ನನ್ನನ್ನು ಮಲಗಿಸಿದಳು. ಇನ್‌ಸ್ಪೆಕ್ಟರ್ ಮೂಟೆ ತೂಗಿದರು, ಅಟ್ಟ ನೋಡಿದರು, ತೊಟ್ಟಿಲಿಗೂ ಬಗ್ಗಿ ನನ್ನ ಕೆನ್ನೆ ಹಿಂಡಿದರು. ಆ ವಯಸ್ಸಿನವರು ಮಾಡುವ ಕೆಲಸವನ್ನು ನಾನು ಅಲ್ಲೇ ಮಾಡಿದೆ. ಆಮೇಲೆ ಇನ್‌ಸ್ಪೆಕ್ಟರ್ ಕುದಿಯುವ ಹಂಡೆಯ ಮುಂದೆ ನಿಂತು, ಇದರಲ್ಲಿ ಸಕ್ಕರೆ ಎಷ್ಟು ಹಾಕಿದ್ದೀರಿ ಎಂದು ಕೇಳಿದರು. ಅಜ್ಜ ಸಟ್ಟುಗವನ್ನು ಇನ್ನೂ ಜೋರಾಗಿ ತಿರುಗಿಸಿದರು. ಇನ್‌ಸ್ಪೆಕ್ಟರಿಗೇ ಏನನ್ನಿಸಿತೋ, "ಇರ್ಲಿ ಬಿಡಿ. ಜಾಮ್ ಆದ ಮೇಲೆ ಅದು ನಮ್ಮ ಇಲಾಖೆಗೆ ಬರುವುದಿಲ್ಲ" ಎಂದು ಹೇಳಿ ಒಂದು ಬಾಟಲಿ ಬಗಲಿಗಿಟ್ಟುಕೊಂಡು ಹೊರಟರಂತೆ. ತೊಟ್ಟಿಲಿನ ಸಕ್ಕರೆಯನ್ನು ಎಸೆಯುವ ಮಾತೇ ಇರಲಿಲ್ಲ, ಅಂದೇ ಕಾಯಿಸಿದರು. ಮಂಗಳೂರಿನಲ್ಲಿ ಅದನ್ನು ಬ್ರೆಡ್ಡಿಗೆ ಸವರಿ ತಿಂದ ಮಹನೀಯರು ಯಾರಾದರೂ ಬದುಕಿದ್ದರೆ ಈ ಮೂಲಕ ಕ್ಷಮೆ ಕೇಳುತ್ತೇನೆ. ನನಗೂ ಶಿಕ್ಷೆಯಾಗಿದೆ, ಬೆನ್ನಿನ ತುಂಬ ಇರುವೆ ಕಚ್ಚಿ ಮೂರು ದಿನ ಅತ್ತೆನಂತೆ.

ಆ ಇನ್‌ಸ್ಪೆಕ್ಟರ ಹೆಸರು ಯಾರಿಗೂ ನೆನಪಿಲ್ಲ. ಅವರು ಹೇಳಿದ ವಾಕ್ಯ ಮಾತ್ರ ನಮ್ಮ ಮನೆಯಲ್ಲಿ ಕಾನೂನಾಗಿ ಉಳಿಯಿತು. ಡಬ್ಬದ ಸಕ್ಕರೆ ಬೇರೆ, ಹಣ್ಣಿಗೆ ಬಿದ್ದ ಸಕ್ಕರೆ ಬೇರೆ. ಹಣ್ಣಿಗೆ ಬಿದ್ದದ್ದು ಲೆಕ್ಕಕ್ಕಿಲ್ಲ.

ಈಗ ಸೀಬಿನ ಅಂಗಳಕ್ಕೆ ಬನ್ನಿ. ಅಮ್ಮ ಕ್ರೇಟುಗಳ ನಡುವೆ ನಿಂತು ಹಸನಬ್ಬನನ್ನು ಕೇಳಿದಳು, ತೋಟ ಇದ್ದವರಿಗೆ ಇಲ್ಲಿಯೂ ಜಾಮಿನ ಪರ್ಮಿಟ್ ಕೊಡುತ್ತಾರೋ ಎಂದು. ಹಸನಬ್ಬ ನನ್ನ ಮುಖ ನೋಡಿದ. ಅವನಿಗೆ ಬೀಗದ ಕಥೆ ಗೊತ್ತಿತ್ತು, ಸಪ್ಪೆ ಚಹಾವನ್ನೂ ಕುಡಿದಿದ್ದ. ಹಿರಿಯರಿಗೆ ಇಲ್ಲ ಎನ್ನಲಾರದ ಮನುಷ್ಯ.

"ಉಂಟಲ್ಲಾ ಅಮ್ಮಾ, ಹಣ್ಣಿನವರಿಗೆ ಬೇರೆಯೇ ಉಂಟು. ಕಫೀಲ್ ಒಂದು ಸೈನ್ ಹಾಕಿದ್ರೆ ಖಲಾಸ್" ಎಂದ.

ಮರುದಿನ ಹೋಲ್‌ಸೇಲ್ ಅಂಗಡಿಯಿಂದ ಒಂದು ಮೂಟೆ ಸಕ್ಕರೆ ತಂದು ಇಳಿಸಿದ. ಅಮ್ಮ ಕಾಗದ ಕೇಳಿದಳು. ಅಂಗಡಿಯ ಬಿಲ್ಲು ಅರಬಿಯಲ್ಲಿತ್ತು, ಕೆಳಗೊಂದು ಸೊಟ್ಟ ಸಹಿಯೂ ಇತ್ತು. ಅಮ್ಮ ಅದನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ, ತೃಪ್ತಿಯಾಗಿ, ದೇವರ ಫೋಟೋದ ಹಿಂದೆ ಇಟ್ಟಳು. ಡಬ್ಬಕ್ಕೆ ಬೀಗವಿದ್ದ ಮನೆಯಲ್ಲಿ ಮೂಟೆಗೆ ಬೀಗವಿರಲಿಲ್ಲ. ಅದು ಹಣ್ಣಿನ ಸಕ್ಕರೆ.

ನಾಲ್ಕು ದಿನ ಜಾಮ್ ಕಾಯಿತು. ಹಣ್ಣಿನ ತಿರುಳಿನ ತೂಕಕ್ಕೆ ಸರಿಸಮ ಸಕ್ಕರೆ, ಕೊನೆಗೆ ಹಸನಬ್ಬನ ತೋಟದ ಲಿಂಬೆಯ ರಸ. ಹದ ನೋಡಲಿಕ್ಕೆ ತಣ್ಣಗಿನ ತಟ್ಟೆಗೆ ಒಂದು ಹನಿ ಬಿಟ್ಟು ಓರೆ ಮಾಡುವುದು. ಹನಿ ಓಡಿದರೆ ಇನ್ನೂ ಆಗಿಲ್ಲ, ಸುಕ್ಕುಗಟ್ಟಿ ನಿಂತರೆ ಆಯಿತು. ಹೊರಗೆ ನಲವತ್ತೈದು ಡಿಗ್ರಿ, ಒಳಗೆ ಏಸಿ ಹೆಣಗಾಡುತ್ತಿದೆ, ಎಂಬತ್ತಕ್ಕೆ ಹತ್ತಿರದ ಅಮ್ಮ ಸೆರಗು ಸಿಕ್ಕಿಸಿ ಸಟ್ಟುಗ ತಿರುಗಿಸುತ್ತಿದ್ದಾಳೆ. ಅಷ್ಟು ಸಂತೋಷದಲ್ಲಿ ಅವಳನ್ನು ನಾನು ಒಮಾನಿನಲ್ಲಿ ನೋಡಿರಲಿಲ್ಲ. ಉಪ್ಪಿನಕಾಯಿಯ, ಕಾಫಿಪುಡಿಯ ಹಳೆ ಬಾಟಲಿಗಳೆಲ್ಲ ತುಂಬಿದವು. ಅರ್ಧ ಹಸನಬ್ಬನ ಮನೆಗೆ ಹೋಯಿತು, ಉಳಿದದ್ದು ನಮ್ಮಲ್ಲಿ.

ಮರುದಿನ ಬೆಳಿಗ್ಗೆ ವನಜಾ, ನೀತಾ ಶಾಲೆಗೆ ಹೊರಟ ಮೇಲೆ, ನನ್ನ ತಟ್ಟೆಗೆ ನೀರುದೋಸೆ ಬಿತ್ತು. ಜಾಮ್ ಬೇಕಿತ್ತು ಅಮ್ಮಾ ಎಂದೆ. ಬಾಯಿಯಿಂದ ಹೊರಬಿದ್ದದ್ದು ನನಗೇ ಆಮೇಲೆ ಗೊತ್ತಾಯಿತು. ಅಮ್ಮ ಸ್ವಲ್ಪ ತಡೆದಳು. ಬಾಟಲಿ ತೆಗೆದು, ಇದು ಕಂಟ್ರೋಲಿನದ್ದಲ್ಲ, ಪರ್ಮಿಟಿನದ್ದು, ಇದಕ್ಕೆ ತೊಂದರೆ ಇಲ್ಲ ಎಂದು ದೋಸೆಯ ಮೇಲೆ ಎರಡು ಚಮಚ ಹಾಕಿದಳು. ಚಹಾ ಮಾತ್ರ ಸಪ್ಪೆ. ಕಾನೂನೆಂದರೆ ಕಾನೂನು.

ನಾನು ಓದಿದವನು. ಇಂಜಿನಿಯರಿಂಗ್ ಡಿಪ್ಲೊಮಾ ಇದೆ. ಜಾಮಿನಲ್ಲಿ ಅರ್ಧಕ್ಕರ್ಧ ಸಕ್ಕರೆ ಎಂದು ನನಗೆ ತಿಳಿಯದೇ? ಮೂಟೆ ಬರಿದಾಗುವುದನ್ನು ಕಣ್ಣಾರೆ ಕಂಡಿದ್ದೆ. ಆದರೂ ಆ ಕ್ಷಣ ಇನ್‌ಸ್ಪೆಕ್ಟರ ಇಲಾಖೆಯೇ ನನಗೆ ಸರಿ ಎನಿಸಿತು. ಎರಡು ಚಮಚ ನಾಲ್ಕಾಯಿತು. ದಿನವೂ ಆಯಿತು. ರಜಾದಿನ ವನಜಾಳ ಎದುರು ಚಟ್ನಿ ಹಚ್ಚಿಕೊಂಡು ಸನ್ಯಾಸಿಯ ಹಾಗೆ ತಿನ್ನುತ್ತಿದ್ದೆ. ಅವಳು ಪರವಾಗಿಲ್ಲವೇ ಎಂದು ಮೆಚ್ಚಿದಳು ಕೂಡ.

ಒಂದು ದಿನ ನೆಗಡಿಯೆಂದು ನೀತಾ ಮನೆಯಲ್ಲೇ ಇದ್ದಳು. ಫೋನಿನಿಂದ ತಲೆಯೆತ್ತಿ ನನ್ನ ತಟ್ಟೆ ನೋಡಿದಳು.

"ಅಜ್ಜಿ, ಜಾಮ್ ಈಸ್ ಶುಗರ್. ಪಪ್ಪಾ ಶುಡ್‌ನಾಟ್ ಈಟ್ ಇಟ್" ಎಂದಳು.

ಹದಿನಾರು ವರ್ಷದ ಮಗಳು ಅಜ್ಜಿಯ ಜೊತೆ ಕನ್ನಡದಲ್ಲಿ ಮಾತಾಡಲಿಲ್ಲವೆಂದು ಎಷ್ಟು ಸಲ ಬೈದಿದ್ದೆನೋ. ಆ ದಿನ ಮಾತ್ರ ಅವಳ ಇಂಗ್ಲಿಷಿಗೆ ಮನಸ್ಸಿನಲ್ಲೇ ಕೈಮುಗಿದೆ. ಮಗು ಏನು ಹೇಳಿದ್ದು ಎಂದು ಅಮ್ಮ ಕೇಳಿದಳು. ಜಾಮ್ ಭಾರಿ ಚೆನ್ನಾಗಿದೆಯಂತೆ ಎಂದೆ. ಅಮ್ಮ ನನ್ನನ್ನು ಒಮ್ಮೆ ನೋಡಿ ಒಲೆಯ ಕಡೆ ತಿರುಗಿದಳು. ನೀತಾ, "ಪಪ್ಪಾ, ದಿಸ್ ಈಸ್ ಚೀಟಿಂಗ್" ಎಂದು ಎದ್ದುಹೋದಳು. ಇದನ್ನು ಬರೆಯುವಾಗಲೂ ನನಗೆ ನಾಚಿಕೆಯಾಗುತ್ತದೆ.

ಜೂನಿನಲ್ಲಿ ಶಾಲೆಗೆ ರಜೆ ಬಿದ್ದು ತಾಯಿ ಮಗಳು ಊರಿಗೆ ಹೋದರು. ಅಮ್ಮನ ಮೊಣಕಾಲಿಗೆ ವಿಮಾನದ ಸೀಟು ಆಗುವುದಿಲ್ಲವೆಂದು ಅವಳು ನನ್ನ ಜೊತೆ ಉಳಿದಳು. ನಾನು, ಅಮ್ಮ, ಜಾಮ್. ಆರು ವಾರ. ಕಾರು ಆಟೋಮ್ಯಾಟಿಕ್, ಎಡಗಾಲಿಗೆ ಕೆಲಸವಿಲ್ಲ. ಆಫೀಸಿನಲ್ಲಿ ಶೂ, ಮನೆಯಲ್ಲಿ ಸಾಕ್ಸ್. ನೋವಿಲ್ಲದ ಬೆರಳನ್ನು ದಿನಾ ಬಗ್ಗಿ ನೋಡುವವರು ಯಾರು? ಕ್ಲಿನಿಕ್ಕಿನವರು ಕೊಟ್ಟ ದಿನಾಂಕವನ್ನು ಎರಡು ಸಲ ಮುಂದೂಡಿದೆ. ಮೂರನೆಯ ಸಲ ಅಮ್ಮನ ಗುಳಿಗೆ ಮುಗಿಯಿತು, ಹೋಗಲೇಬೇಕಾಯಿತು. ಅಷ್ಟರಲ್ಲಿ ಬೆರಳಿನ ತುದಿ ಕಪ್ಪಾಗಿತ್ತು.

ಡಾಕ್ಟರ್ ಸಾಕ್ಸ್ ಬಿಚ್ಚಿಸಿ ಬೆರಳನ್ನು ತಿರುಗಿಸಿ ನೋಡಿದರು. ಆಮೇಲೆ ಮನೆಯಲ್ಲಿ ಏನು ತಿನ್ನುತ್ತೀರಿ ಎಂದು ಕೇಳಿದರು. ಅಮ್ಮನಿಗೆ ಪ್ರಶ್ನೆ ಅಂದಾಜಾಗಿರಬೇಕು, ಡಬ್ಬ, ಬೀಗ, ಮೂರಂಕಿ ಎಲ್ಲವನ್ನೂ ಕೈಸನ್ನೆಯಲ್ಲಿ ವಿವರಿಸಿ, ಒಂದು ಹರಳೂ ಕೊಟ್ಟಿಲ್ಲ ಎಂದು ತೋರಿಸಿದಳು. ಡಾಕ್ಟರ್ ನನ್ನ ಕಡೆ ನೋಡಿದರು. ಅಮ್ಮನಿಗೆ ಹಿಂದಿ ಬರುವುದಿಲ್ಲ ಎಂಬ ಧೈರ್ಯದಲ್ಲಿ ನಾನು ಹಿಂದಿಯಲ್ಲಿ ಹೇಳಿದೆ: ನಾನೇನು ಮಾಡಲಿ ಡಾಕ್ಟರ್, ಅಮ್ಮ ದಿನಾ ಜಾಮ್ ಹಾಕುತ್ತಾಳೆ, ವಯಸ್ಸಾಗಿದೆ, ಹೇಳಿದರೆ ಅವಳಿಗೆ ಅರ್ಥವಾಗುವುದಿಲ್ಲ.

ಜಾಮ್ ಎಂಬ ಪದ ಯಾವ ಭಾಷೆಯಲ್ಲೂ ಜಾಮೇ. ಅಮ್ಮ ಎಂಬುದೂ ಹಾಗೆಯೇ. ಅಮ್ಮನ ಕೈ ಮಡಿಲಿಗೆ ಇಳಿಯಿತು. ಡಾಕ್ಟರ್ ಸುಮ್ಮನಿರಬಹುದಿತ್ತು, ಇರಲಿಲ್ಲ. ಅಮ್ಮನ ಕಡೆ ಬಗ್ಗಿ, "ಅಮ್ಮಾ, ಜಾಮ್ ಶುಗರ್. ಜಾಮ್ ವೆರಿ ಬ್ಯಾಡ್ ಶುಗರ್" ಎಂದು ನಿಧಾನವಾಗಿ ಬಿಡಿಸಿ ಹೇಳಿದರು. ಅಮ್ಮ ತಲೆಯಾಡಿಸಿದಳು. ಆಸ್ಪತ್ರೆಗೆ ಸೇರಬೇಕು, ಬೆರಳು ತೆಗೆಯದೆ ಉಪಾಯವಿಲ್ಲ ಎಂದು ನನಗೆ ಬರೆದುಕೊಟ್ಟರು.

ಹೈವೇಯಲ್ಲಿ ಎಲ್ಲಿಯೋ ಅಪಘಾತವಾಗಿ ಕಾರುಗಳು ಸಾಲಾಗಿ ನಿಂತಿದ್ದವು. ಒಂದು ಗಂಟೆ ನಾವಿಬ್ಬರೂ ಅದರೊಳಗೆ ಕುಳಿತಿದ್ದೆವು. ಅಮ್ಮ ಕಿಟಕಿಯ ಹೊರಗೆ ನೋಡುತ್ತಿದ್ದಳು. ಒಂದು ಮಾತು ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಮನೆಗೆ ಬಂದವಳು ಉಳಿದಿದ್ದ ಹನ್ನೊಂದು ಬಾಟಲಿಗಳನ್ನು ಒಂದೊಂದಾಗಿ ಪಾತ್ರೆ ತೊಳೆಯುವ ತೊಟ್ಟಿಗೆ ಸುರಿದು, ಬಿಸಿನೀರು ಬಿಟ್ಟು, ಬಾಟಲಿಗಳನ್ನು ತೊಳೆದು ಬಿಸಿಲಿಗೆ ಕವುಚಿಟ್ಟಳು.

ಬೆರಳು ಹೋಯಿತು. ಅರ್ಧ ಗಂಟೆಯ ಕೆಲಸ. ವನಜಾ ರಜೆ ಅರ್ಧಕ್ಕೆ ಬಿಟ್ಟು ಓಡಿಬಂದು ಆಸ್ಪತ್ರೆಯಲ್ಲಿ ಕುಳಿತು ಕಣ್ಣೀರು ಹಾಕುತ್ತಲೇ ಬೈದಳು. ಹಸನಬ್ಬ ಬಂದು, ಪರ್ಮಿಟಿನ ಸುಳ್ಳು ಹೇಳಿದ್ದು ನಾನು ಮಾರಾಯ, ತಪ್ಪು ನನ್ನದು ಎಂದು ತಲೆತಗ್ಗಿಸಿದ. ಸಿಕ್ಕಿದವರೆಲ್ಲ ತಪ್ಪನ್ನು ತಮ್ಮ ಮೇಲೆ ಹೊತ್ತುಕೊಳ್ಳುತ್ತಿರುವಾಗ ನಾನು ದಿಂಬಿಗೆ ಒರಗಿ ಎಲ್ಲರನ್ನೂ ಉದಾರವಾಗಿ ಕ್ಷಮಿಸುತ್ತಿದ್ದೆ. ಅಂಥ ಮನುಷ್ಯ ನಾನು.

ಮನೆಗೆ ಬಂದ ಮೇಲೆ ಅಮ್ಮ ನನ್ನ ಕೋಣೆಗೆ ಬರುತ್ತಿರಲಿಲ್ಲ. ಗಂಜಿ, ಪಲ್ಯ ವನಜಾಳ ಕೈಯಲ್ಲಿ ಬರುತ್ತಿತ್ತು. ಐದು ದಿನ ನೋಡಿದೆ. ಆರನೆಯ ದಿನ ಬೆಳಿಗ್ಗೆ ವಾಕರ್ ಹಿಡಿದು ಕುಂಟುತ್ತ ಅಡುಗೆಮನೆಗೆ ಹೋದೆ. ಅಮ್ಮ ಸ್ಟೂಲಿನ ಮೇಲೆ ಕೂತು ಅಲಸಂಡೆ ಮುರಿಯುತ್ತಿದ್ದಳು. ನಿಂತೇ ಹೇಳಿದೆ. ಜಾಮ್ ಎಂದರೆ ಸಕ್ಕರೆಯೆಂದು ನನಗೆ ಮೊದಲಿನಿಂದ ಗೊತ್ತಿತ್ತು. ನೀತಾ ಅಂದು ಹೇಳಿದ್ದೂ ಅದನ್ನೇ, ನಾನು ತಿರುಚಿ ಹೇಳಿದೆ. ಡಾಕ್ಟರ ಎದುರು ನಿನ್ನ ಮೇಲೆ ಹಾಕಿದ್ದೂ ನಾನೇ. ನಿನಗೆ ಗೊತ್ತಿರಲಿಲ್ಲ, ನಿನ್ನದೇನೂ ತಪ್ಪಿಲ್ಲ.

ಅಮ್ಮ ಕೈಯಲ್ಲಿದ್ದ ಅಲಸಂಡೆಯನ್ನು ಮುರಿದು ಮುಗಿಸಿದಳು.

"ಜಾಮ್ ಕಾಯಿಸುವವಳಿಗೆ ಅದರಲ್ಲಿ ಎಂತ ಉಂಟು ಅಂತ ಗೊತ್ತಿಲ್ವಾ ಮಗಾ? ಪರ್ಮಿಟು ಗಿರ್ಮಿಟು ಎಲ್ಲ ನಾನು ನನಗೇ ಹೇಳಿಕೊಂಡದ್ದು. ಬೀಗ ನಿನಗೆ ಹಾಕಿದ್ದು ಅಂತ ನೀನು ಎಣಿಸಿದ್ದಿ. ಅದು ನನ್ನ ಕೈಗೆ ಹಾಕಿದ್ದು." ಸೆರಗಿನಿಂದ ಮುಖ ಒರೆಸಿಕೊಂಡಳು. "ನೀನು ಕೇಳಿದ್ರೆ ನನಗೆ ಇಲ್ಲ ಹೇಳ್ಲಿಕ್ಕೆ ಆಗುದಿಲ್ಲ. ಈ ಪ್ರಾಯದಲ್ಲಿ ಇನ್ನು ಕಲಿಲಿಕ್ಕೂ ಆಗುದಿಲ್ಲ. ಹಾಗಾಗಿ ನೀನೇ ಕೇಳ್ಬೇಡ, ಆಯ್ತಾ?"

ಆಯ್ತು ಎಂದೆ. ಹುಟ್ಟಿದಂದಿನಿಂದ ಅಮ್ಮ ನನಗೆ ಆಜ್ಞೆ ಮಾಡುತ್ತಲೇ ಬಂದವಳು. ಅವಳು ನನ್ನಲ್ಲಿ ಬೇಡಿಕೊಂಡದ್ದು ಅದೊಂದೇ ಸಲ.